ನೆಲದೊಳಗೇ ಕಲ್ಲಿದ್ದಲು ಸುಟ್ಟು ಗ್ಯಾಸ್ ತೆಗೆಯುವುದು ಗಣಿಗಿಂತ ಒಳ್ಳೆಯದಾ?

ವಾಡಿ ಜಂಕ್ಷನ್

ನಮ್ಮ ಊರಿನ ಮೇಲೆ ದಿನಾ ಕಲ್ಲಿದ್ದಲು ರೇಕ್ ಹೋಗುತ್ತವೆ. ಕೆಲವು ಇಲ್ಲಿನ ಸಿಮೆಂಟ್ ಫ್ಯಾಕ್ಟರಿಗೆ, ಕೆಲವು ರಾಯಚೂರಿನ ಶಕ್ತಿನಗರಕ್ಕೆ. ಬೇಸಿಗೆ ಗಾಳಿಯಲ್ಲಿ ಮುಚ್ಚದ ವ್ಯಾಗನ್ ಹಾದುಹೋದರೆ ಹಳಿ ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಮತ್ತೆ ಒಗೆಯಬೇಕು.

ವಿಷಯಕ್ಕೆ ಬರುತ್ತೇನೆ. ತಂಗಿಯ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಅವನ ಸೆಮಿನಾರ್ ವಿಷಯ ಅಂಡರ್‌ಗ್ರೌಂಡ್ ಕೋಲ್ ಗ್ಯಾಸಿಫಿಕೇಶನ್. ಕಲ್ಲಿದ್ದಲನ್ನು ಅಗೆದು ಮೇಲೆ ತರುವುದಿಲ್ಲ. ನೆಲದೊಳಗೇ ಬೆಂಕಿ ಹಚ್ಚಿ, ಗ್ಯಾಸ್ ಮಾಡಿ, ಬರೀ ಗ್ಯಾಸನ್ನು ಮೇಲಕ್ಕೆ ತೆಗೆಯುತ್ತಾರೆ. ಗಣಿಗೆ ಯಾರೂ ಇಳಿಯಬೇಕಿಲ್ಲ, ಮಣ್ಣಿನ ಗುಡ್ಡ ಬೀಳುವುದಿಲ್ಲ, ಬೂದಿ ಕೆಳಗೇ ಉಳಿಯುತ್ತದೆ. ಹಾಗಿದ್ದರೆ ಎಲ್ಲರೂ ಯಾಕೆ ಮಾಡುತ್ತಿಲ್ಲ?

ಇದು ನಿಜಕ್ಕೂ ಗಣಿಗೆ ಬದಲಿಯಾ, ಇಲ್ಲ ಬರೀ ಕಾಗದದ ಮೇಲಿನ ಮಾತಾ? ನಮ್ಮ ಕಡೆಯ ಫ್ಯಾಕ್ಟರಿಗೆ, ಕರೆಂಟಿಗೆ ಇದರಿಂದ ಏನಾದರೂ ಉಪಯೋಗ ಇದೆಯಾ? ಹುಡುಗ ಬರೆದುಕೊಂಡು ಬಂದದ್ದರಲ್ಲಿ ಎಲ್ಲವೂ ಒಳ್ಳೆಯದೇ ಇದೆ. ಅದಕ್ಕೇ ನನಗೆ ಅನುಮಾನ.

ಕೆಮಿಸ್ಟ್ರಿ ಟೀಚರ್

ಕಾಗದದ ಮಾತಲ್ಲ. ಉಜ್ಬೆಕಿಸ್ತಾನದ ಅಂಗ್ರೆನ್‌ನಲ್ಲಿ 1961ರಲ್ಲೇ ಶುರುವಾಯಿತು. ಅಲ್ಲಿಯ ಗ್ಯಾಸನ್ನು ಪಕ್ಕದ ವಿದ್ಯುತ್ ಸ್ಥಾವರದಲ್ಲಿ ಉರಿಸುತ್ತಾ ಬಂದಿದ್ದಾರೆ. ಯೋಚನೆ ಇನ್ನೂ ಹಳೆಯದು. 1868ರಲ್ಲಿ ವಿಲಿಯಂ ಸೀಮೆನ್ಸ್ ಹೇಳಿದ್ದರು, 1888ರಲ್ಲಿ ಮೆಂಡಲೀವ್ ಬರೆದರು. ಹೌದು, ಪೀರಿಯಾಡಿಕ್ ಟೇಬಲ್ ಕೊಟ್ಟ ಅದೇ ಮೆಂಡಲೀವ್.

ಕಲ್ಲಿದ್ದಲಿನ ಪದರಕ್ಕೆ ಎರಡು ಬೋರ್ ಇಳಿಸುತ್ತಾರೆ. ಒಂದರಲ್ಲಿ ಗಾಳಿ ಅಥವಾ ಆಮ್ಲಜನಕ, ಜೊತೆಗೆ ಹಬೆ ಒಳಗೆ ಹೋಗುತ್ತದೆ. ಇನ್ನೊಂದರಲ್ಲಿ ಗ್ಯಾಸ್ ಹೊರಗೆ ಬರುತ್ತದೆ. ಎರಡರ ನಡುವೆ ಪದರದ ಒಳಗೇ ದಾರಿ ಮಾಡಬೇಕು, ಅದೇ ಕಷ್ಟದ ಕೆಲಸ. ಬೆಂಕಿ ಹತ್ತಿದ ಮೇಲೆ ಒಳಗೆ 1000 ಡಿಗ್ರಿ ದಾಟುತ್ತದೆ. ಆದರೆ ಗಾಳಿಯನ್ನು ಅಳತೆ ಮಾಡಿ ಬಿಡುವುದರಿಂದ ಕಲ್ಲಿದ್ದಲು ಪೂರ್ತಿ ಉರಿಯುವುದಿಲ್ಲ. ಹಸಿ ಕಟ್ಟಿಗೆ ಒಲೆಯಲ್ಲಿ ದಟ್ಟ ಹೊಗೆ ತುಂಬಿದಾಗ ಕಡ್ಡಿ ಗೀರಿದರೆ ಆ ಹೊಗೆಯೇ ಭಗ್ ಅಂತ ಹತ್ತಿಕೊಳ್ಳುತ್ತದಲ್ಲ, ಅದೇ ತತ್ವ. ಮೇಲೆ ಬರುವುದು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್, ಸ್ವಲ್ಪ ಮೀಥೇನ್, ಜೊತೆಗೆ ಕಾರ್ಬನ್ ಡೈಆಕ್ಸೈಡ್.

ಕಲಬುರಗಿ ಬಿಸಿಲು

ನೆಲದೊಳಗೆ ಬೆಂಕಿ ಹಚ್ಚುವುದಾ? ಜಾರ್ಖಂಡಿನ ಝರಿಯಾ ಕಲ್ಲಿದ್ದಲು ಗಣಿಗಳಲ್ಲಿ 1916ರಿಂದ ಉರಿಯುತ್ತಿರುವ ಬೆಂಕಿಯನ್ನೇ ಇನ್ನೂ ಆರಿಸಲು ಆಗಿಲ್ಲ. ಮತ್ತೊಂದು ಬೇಕಾ?

ಬಂಡೆ ಓದುವವ

ಎರಡೂ ಒಂದೇ ಅಲ್ಲ. ಝರಿಯಾದಲ್ಲಿ ಬೆಂಕಿ ಇರುವುದು ಮೇಲುಪದರದಲ್ಲಿ. ಹಳೇ ಗಣಿಗಳ ಬಿರುಕಿನಿಂದ ಅದಕ್ಕೆ ಗಾಳಿ ಸಿಗುತ್ತಲೇ ಇರುತ್ತದೆ, ಅದಕ್ಕೇ ಆರುತ್ತಿಲ್ಲ. ಇಲ್ಲಿ ಆಯ್ಕೆ ಮಾಡುವುದು ನೂರಾರು ಮೀಟರ್ ಆಳದ, ಅಂತರ್ಜಲ ಮಟ್ಟಕ್ಕಿಂತ ಕೆಳಗಿನ ಪದರವನ್ನು. ಗಾಳಿ ಹೋಗುವುದು ನಾವು ಕೊಟ್ಟ ಬೋರಿನಿಂದ ಮಾತ್ರ. ಅದನ್ನು ನಿಲ್ಲಿಸಿದರೆ ಸುತ್ತಲಿನ ನೀರು ಒಳಗೆ ನುಗ್ಗುತ್ತದೆ, ಬೆಂಕಿ ಆರುತ್ತದೆ.

ಬೆಂಕಿಯ ಭಯ ನನಗಿಲ್ಲ. ನನ್ನ ಭಯ ಆ ನೀರಿನದು.

ತೊಗರಿ ಹೊಲ

ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ನೀರು ಒಳಗೆ ನುಗ್ಗುತ್ತದೆ ಅಂದಿರಿ. ನುಗ್ಗಿದ ನೀರು ಅಲ್ಲೇ ಕೂತಿರುತ್ತದಾ?

ಬಂಡೆ ಓದುವವ

ಇಡೀ ಚರ್ಚೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಕಲ್ಲಿದ್ದಲು ಅರೆಬರೆ ಬೆಂದಾಗ ಬರೀ ಗ್ಯಾಸ್ ಬರುವುದಿಲ್ಲ. ಬೆಂಜೀನ್, ಟಾಲುಯೀನ್, ಫಿನಾಲ್, ಟಾರು ಎಲ್ಲಾ ಹುಟ್ಟುತ್ತವೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಇವು ಗ್ಯಾಸಿನ ಜೊತೆ ಮೇಲೆ ಬಂದರೆ ಯಂತ್ರದಲ್ಲಿ ತೆಗೆಯಬಹುದು. ಸುತ್ತಲಿನ ಬಂಡೆಯೊಳಗೆ ಹೋದರೆ ಕೈಗೆ ಸಿಗುವುದಿಲ್ಲ.

ತಡೆಯುವುದಕ್ಕೆ ಒಂದು ನಿಯಮ ಇದೆ. ಕಲ್ಲಿದ್ದಲು ಉರಿದು ಖಾಲಿಯಾದ ಕಡೆ ಒಂದು ಗುಹೆ ಆಗುತ್ತದೆ. ಆ ಗುಹೆಯೊಳಗಿನ ಒತ್ತಡ ಯಾವಾಗಲೂ ಸುತ್ತಲಿನ ನೀರಿನ ಒತ್ತಡಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಆಗ ನೀರು ಹೊರಗಿನಿಂದ ಒಳಗೆ ಬರುತ್ತದೆ, ಒಳಗಿನ ವಿಷ ಹೊರಗೆ ಹೋಗುವುದಿಲ್ಲ. ಒತ್ತಡ ಜಾಸ್ತಿ ಮಾಡಿದರೆ ಗ್ಯಾಸ್ ಹೆಚ್ಚು ತೆಗೆಯಬಹುದು ಅನ್ನುವ ಆಸೆ ಕಂಪನಿಗೆ ಇದ್ದೇ ಇರುತ್ತದೆ. ಆ ಆಸೆಗೆ ಬಿದ್ದ ದಿನ ಕೆಲಸ ಕೆಡುತ್ತದೆ.

1970ರ ದಶಕದಲ್ಲಿ ಅಮೆರಿಕದ ವಯೋಮಿಂಗ್‌ನ ಹೋ ಕ್ರೀಕ್‌ನಲ್ಲಿ ಪ್ರಯೋಗ ಮಾಡಿದರು. ಗುಹೆಯ ಮಾಳಿಗೆ ಕುಸಿದು ಮೇಲಿನ ನೀರಿನ ಪದರಕ್ಕೆ ದಾರಿಯಾಯಿತು, ಬೆಂಜೀನ್ ಅಂತರ್ಜಲ ಸೇರಿತು. ಪ್ರಯೋಗ ಮುಗಿದ ಮೇಲೂ ಶುದ್ಧೀಕರಣ ವರ್ಷಗಟ್ಟಲೆ ನಡೆಯಿತು.

ಸೇಡಂ ಕಿಲ್ನ್

ಆಸ್ಟ್ರೇಲಿಯಾದ ಚಿಂಚಿಲಾ ಕಥೆಯನ್ನೂ ಹೇಳಿ. ನಾನು ಪ್ರೋಸೆಸ್ ವಿಭಾಗದವನು, ಅಲ್ಲಿಯ ಕೇಸ್ ಓದಿದ್ದೇನೆ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಒಳ್ಳೇ ಬೇಸಾಯದ ಜಾಗ ಅದು. ಲಿಂಕ್ ಎನರ್ಜಿ ಅನ್ನುವ ಕಂಪನಿ 1999ರಿಂದ 2013ರವರೆಗೆ ಅಲ್ಲಿ ಇದೇ ಕೆಲಸ ಮಾಡಿತು. ಆಮೇಲೆ ಮಣ್ಣಿನಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಿಕ್ಕವು. 2015ರಲ್ಲಿ ಸರ್ಕಾರ 320 ಚದರ ಕಿಲೋಮೀಟರ್ ಜಾಗದಲ್ಲಿ ಎರಡು ಮೀಟರಿಗಿಂತ ಆಳಕ್ಕೆ ಸುಮ್ನೆ ಅಗೆಯಬೇಡಿ ಅಂತ ರೈತರಿಗೆ ಹೇಳಿತು. 2016ರಲ್ಲಿ ಇಡೀ ರಾಜ್ಯದಲ್ಲಿ ಈ ಪದ್ಧತಿಯನ್ನೇ ನಿಷೇಧಿಸಿದರು. 2018ರಲ್ಲಿ ಕೋರ್ಟು 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅಷ್ಟೊತ್ತಿಗೆ ಕಂಪನಿ ದಿವಾಳಿಯಾಗಿತ್ತು.

ತೊಗರಿ ಹೊಲ

ಎರಡು ಮೀಟರ್! ನಮ್ಮಲ್ಲಿ ಕೃಷಿಹೊಂಡವೇ ಅದಕ್ಕಿಂತ ಆಳ ಇರುತ್ತದೆ. ಆ ರೈತರು ಏನು ಮಾಡಬೇಕಿತ್ತು?

ಗೋದಾವರಿಖಣಿ ಅಳಿಯ

ಎಲ್ಲರೂ ನೀರು ನೀರು ಅಂತ ಬರೆಯುತ್ತಿದ್ದೀರಿ. ಸರಿ. ಆದರೆ ಕಲ್ಲಿದ್ದಲು ತೆಗೆಯುವ ಮನುಷ್ಯನ ಬಗ್ಗೆ ಒಬ್ಬರೂ ಬರೆಯಲಿಲ್ಲ.

ನಾನು ಬೀದರಿನವನು, ಹೆಂಡತಿಯ ತವರು ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಗಣಿಗಳ ಕಡೆ. ಮಾವ ನೆಲದೊಳಗಿನ ಗಣಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅವರ ಬೆನ್ನ ಮೇಲೆ ನೀಲಿ ಗೆರೆಗಳಿವೆ. ಗಾಯದೊಳಗೆ ಕಲ್ಲಿದ್ದಲ ಪುಡಿ ಸೇರಿ ಹಾಗೇ ಮುಚ್ಚಿಕೊಂಡದ್ದು, ಸೋಪು ಹಾಕಿದರೆ ಹೋಗುವುದಲ್ಲ. ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು ಕಟಕಟೆ ಹಿಡಿದುಕೊಳ್ಳುತ್ತಾರೆ. ಅವರ ಜೊತೆಯವರಲ್ಲಿ ಮಾಳಿಗೆ ಕುಸಿದು ಸತ್ತವರಿದ್ದಾರೆ. 1975ರ ಡಿಸೆಂಬರ್ 27ರಂದು ಧನಬಾದಿನ ಚಾಸ್ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತರು. ಅವತ್ತಿನ ಮಾತು ಬಂದರೆ ಮಾವ ಇವತ್ತಿಗೂ ಊಟ ಬಿಟ್ಟು ಏಳುತ್ತಾರೆ.

ಒಬ್ಬನೂ ಕೆಳಗೆ ಇಳಿಯದೆ ಕಲ್ಲಿದ್ದಲಿನ ಶಾಖ ಸಿಗುತ್ತದೆ ಅಂದರೆ ಅದನ್ನು ಅಷ್ಟು ಬೇಗ ಬೇಡ ಅನ್ನಬೇಡಿ. ನಾವು ಫ್ಯಾನ್ ಹಾಕಿಕೊಂಡು ಇಲ್ಲಿ ಬರೆಯುತ್ತಿರುವುದು ಆ ಜನ ತಂದ ಕಲ್ಲಿದ್ದಲಿನಿಂದ.

ಕಲಬುರಗಿ ಬಿಸಿಲು

ಈ ಮಾತು ಒಪ್ಪುತ್ತೇನೆ. ಶಹಾಬಾದ್ ಕಡೆ ಪರಸಿ ಕಲ್ಲಿನ ಖಣಿಯಲ್ಲಿ ದುಡಿದವರ ಕೆಮ್ಮನ್ನೂ ಕೇಳಿದ್ದೇನೆ. ಧೂಳಿಗೆ ಕರಿ ಬಿಳಿ ಅಂತಿಲ್ಲ.

ತೊಗರಿ ಹೊಲ

ಅಳಿಯಂದಿರೇ, ನಿಮ್ಮ ಮಾವನವರ ಕಷ್ಟ ದೊಡ್ಡದು, ಇಲ್ಲ ಅನ್ನುತ್ತಿಲ್ಲ. ಆದರೆ ಅವರಿಗೆ ಸಂಬಳ ಬಂತು, ಪೆನ್ಶನ್ ಬರುತ್ತಿದೆ. ಬೋರಿನ ನೀರು ಕೆಟ್ಟರೆ ಪಕ್ಕದ ಹೊಲದವನಿಗೆ ಯಾರು ಪೆನ್ಶನ್ ಕೊಡುತ್ತಾರೆ?

ನಮ್ಮದೇ ಹೇಳುತ್ತೇನೆ. ನಮ್ಮ ಹೊಲದ ಬದುವಿಗೆ ಹತ್ತಿಕೊಂಡು ಒಂದು ಸುಣ್ಣದ ಕಲ್ಲಿನ ಗಣಿ ಬಂತು. ಅವರು ಆಳಕ್ಕೆ ಹೋದಂತೆ ಪಂಪ್ ಹಚ್ಚಿ ನೀರು ಹೊರಗೆ ಹಾಕಿದರು. ನಮ್ಮ ಬಾವಿಯ ನೀರು ಒಂದೊಂದೇ ಮೆಟ್ಟಿಲು ಕೆಳಗೆ ಇಳಿಯಿತು, ಆಮೇಲೆ ತಳದ ಬಂಡೆ ಕಂಡಿತು. ಅರ್ಜಿ ಕೊಟ್ಟರೆ, ಗಣಿಯಿಂದಲೇ ಆಯಿತು ಅನ್ನುವುದಕ್ಕೆ ಸಾಕ್ಷಿ ತನ್ನಿ ಅಂದರು. ಮೊದಲು ನೀರು ಎಷ್ಟಿತ್ತು ಅಂತ ಯಾರೂ ಅಳೆದಿಟ್ಟಿರಲಿಲ್ಲ. ಸಾಕ್ಷಿ ಎಲ್ಲಿಂದ ತರಲಿ? ಅದು ಕಣ್ಣಿಗೆ ಕಾಣುವ ಗಣಿ. ಇದು 300 ಮೀಟರ್ ಕೆಳಗೆ ನಡೆಯುವ ಕೆಲಸ.

ಗೋದಾವರಿಖಣಿ ಅಳಿಯ

ಸಂಬಳ ಬಂತು ಅಂತ ಶ್ವಾಸಕೋಶ ವಾಪಸ್ ಬರುತ್ತದಾ? ಇಂಥ ಮಾತು ಬೇಡ.

ತೊಗರಿ ಹೊಲ

ಬರುವುದಿಲ್ಲ. ನೀರೂ ವಾಪಸ್ ಬರುವುದಿಲ್ಲ. ಒಬ್ಬರ ಕಷ್ಟ ತೆಗೆದು ಇನ್ನೊಬ್ಬರ ತಲೆಗೆ ಹಾಕುವುದಾದರೆ, ಆ ಇನ್ನೊಬ್ಬರನ್ನು ಮೊದಲು ಕೇಳಬೇಕು. ಅಷ್ಟೇ ನಾನು ಹೇಳುವುದು.

ನೌಬಾದ್

ನೀರು ನೆಲದೊಳಗೆ ಹೇಗೆ ಓಡಾಡುತ್ತದೆ ಅಂತ ನೋಡಬೇಕಾದವರು ಬೀದರಿಗೆ ಬನ್ನಿ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನೀರಿನಲ್ಲೇ ನಡೆದು ದರ್ಶನ ಮಾಡುತ್ತೇವೆ. ಆ ನೀರು ಕೆಂಪು ಕಲ್ಲಿನ ಸಂದಿಯಿಂದ ಒಸರುವುದು. ನೌಬಾದಿನ ಸುರಂಗ ಬಾವಿ ಮಾಡಿದ ಬಹಮನಿ ಕಾಲದವರಿಗೆ ಮೇಲಿನ ಕೆಂಪು ಕಲ್ಲು ನೀರು ಕುಡಿಯುತ್ತದೆ, ಕೆಳಗಿನ ಕರಿ ಕಲ್ಲು ತಡೆಯುತ್ತದೆ ಅಂತ ಗೊತ್ತಿತ್ತು. ಎರಡೂ ಸೇರುವ ಕಡೆ ಸುರಂಗ ಕೊರೆದರು.

ಇನ್ನೊಂದು ಪ್ರಶ್ನೆ. ನಮ್ಮ ಕರಿ ಕಲ್ಲಿನ ಕೆಳಗೆ ಕಲ್ಲಿದ್ದಲು ಇರಬಹುದಾ? ನಾಗಪುರದ ಹತ್ತಿರ ಹಾಗೆ ಇದೆ ಅಂತ ಕೇಳಿದ್ದೇನೆ.

ಬಂಡೆ ಓದುವವ

ನಾಗಪುರದ ಹತ್ತಿರ ಇದೆ, ನಿಜ. ನಮ್ಮಲ್ಲಿ ಇಲ್ಲ. ಬೀದರ್ ಗಡಿ ದಾಟಿದರೆ ಸಿಗುವ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪ ಎಲ್ಲರಿಗೂ ನೆನಪಿದೆ. ಆಮೇಲೆ ಅಲ್ಲಿ 617 ಮೀಟರ್ ಆಳದ ಬೋರ್ ಕೊರೆದು ನೋಡಿದರು. ಸುಮಾರು 340 ಮೀಟರ್ ಕರಿ ಕಲ್ಲು, ಅದರ ಕೆಳಗೆ ಕೆಲವೇ ಮೀಟರ್ ಕೆಸರುಕಲ್ಲು, ಅಲ್ಲಿಂದ ಮುಂದೆ ಗಟ್ಟಿ ಹಳೇ ಶಿಲೆ. ಕಲ್ಲಿದ್ದಲು ಸಿಗಲಿಲ್ಲ.

ಕಲಬುರಗಿ, ಯಾದಗಿರಿ ಕಡೆಯ ಸುಣ್ಣದ ಕಲ್ಲು, ಪರಸಿ ಕಲ್ಲು ಇನ್ನೂ ಹಳೆಯವು. ಅವು ಆದಾಗ ಭೂಮಿಯ ಮೇಲೆ ಕಾಡೇ ಇರಲಿಲ್ಲ, ಕಲ್ಲಿದ್ದಲು ಎಲ್ಲಿಂದ ಬರಬೇಕು? ಹಾಗಾಗಿ ಇಲ್ಲಿ ಯಾರೂ ಕಲ್ಲಿದ್ದಲು ಪದರಕ್ಕೆ ಬೆಂಕಿ ಹಚ್ಚುವುದಿಲ್ಲ.

ಕಲಬುರಗಿ ಬಿಸಿಲು

ಹಾಗಾದರೆ ನಮಗೆ ಯಾಕೆ ಈ ತಲೆಬಿಸಿ?

ಗೋಗಿ ಪಕ್ಕದವನು

ಇಲ್ಲಿ ಆಗಲ್ಲ ಅಂತ ಸುಮ್ಮನಿರುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಸಿಕ್ಕಿದೆ. ಬೋರ್ ಕೊರೆದರು, ಸುರಂಗ ತೋಡಿ ನೋಡಿದರು. ನೀರು ಏನಾಗುತ್ತದೆ ಅಂತ ಜನ ಕೇಳುತ್ತಲೇ ಇದ್ದಾರೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ನೀರಿನಲ್ಲಿ ಆರ್ಸೆನಿಕ್ ಇದೆ ಅಂತ ಗೊತ್ತಾಗುವ ಹೊತ್ತಿಗೆ ಜನರ ಚರ್ಮದ ಮೇಲೆ ಅದು ಕಾಣಿಸಿಕೊಂಡಿತ್ತು. ಅದು ಕಂಪನಿ ಮಾಡಿದ್ದಲ್ಲ, ಕಲ್ಲಿನಲ್ಲೇ ಇದ್ದದ್ದು. ಆದರೂ ಪರೀಕ್ಷೆ ತಡವಾದರೆ ಏನಾಗುತ್ತದೆ ಅನ್ನುವುದು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಜಾರ್ಖಂಡಿನ ಹಳ್ಳಿಯವನ ಪ್ರಶ್ನೆಯೂ ಇದೇ ಅಲ್ವಾ?

ವಾಡಿ ಜಂಕ್ಷನ್

ಜಾರ್ಖಂಡಿನಲ್ಲಿ ಶುರುವಾಗಿದೆಯಾ?

ಸೇಡಂ ಕಿಲ್ನ್

ಜಾಮ್ತಾಡಾ ಜಿಲ್ಲೆಯ ಕಾಸ್ತಾ ಬ್ಲಾಕ್. ಕೋಲ್ ಇಂಡಿಯಾದ ಈಸ್ಟರ್ನ್ ಕೋಲ್‌ಫೀಲ್ಡ್ಸ್, ಕೋಲ್ ಇಂಡಿಯಾದ್ದೇ ಗಣಿ ಯೋಜನಾ ಸಂಸ್ಥೆಯಾದ ರಾಂಚಿಯ ಸಿಎಂಪಿಡಿಐ, ಜೊತೆಗೆ ಕೆನಡಾದ ಒಂದು ಕಂಪನಿ. 2024ರ ಜೂನ್‌ನಲ್ಲಿ ಪ್ರಕಟಣೆ ಬಂತು. ಮೊದಲ ಹಂತದಲ್ಲಿ ಬೋರ್ ಕೊರೆದು ಪದರದ ಪರೀಕ್ಷೆ, ಎರಡನೇ ಹಂತದಲ್ಲಿ ಸಣ್ಣ ಪ್ರಮಾಣದಲ್ಲಿ ಗ್ಯಾಸ್ ತೆಗೆಯುವುದು. ಕೇಂದ್ರದ ನೀತಿ 2015ರಲ್ಲೇ ಬಂದಿತ್ತು.

ನಿಮ್ಮ ಇನ್ನೊಂದು ಪ್ರಶ್ನೆ, ಫ್ಯಾಕ್ಟರಿಗೆ ಉಪಯೋಗ ಇದೆಯಾ ಅನ್ನುವುದು. ಗಾಳಿ ಊದಿ ತೆಗೆದ ಈ ಗ್ಯಾಸಿನಲ್ಲಿ ಶಾಖ ಬಹಳ ಕಡಿಮೆ. ಒಂದು ಘನ ಮೀಟರಿಗೆ 4-5 ಮೆಗಾಜೂಲ್ ಸಿಕ್ಕರೆ ಹೆಚ್ಚು. ನೈಸರ್ಗಿಕ ಅನಿಲದಲ್ಲಿ 35ರ ಮೇಲೆ ಇರುತ್ತದೆ. ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್, ಅದು ಉರಿಯುವುದಿಲ್ಲ, ಸುಮ್ನೆ ಜೊತೆಗೆ ಬರುತ್ತದೆ. ಇಂಥ ಗ್ಯಾಸನ್ನು ನೂರಾರು ಕಿಲೋಮೀಟರ್ ಪೈಪಿನಲ್ಲಿ ತಂದರೆ ಖರ್ಚು ಹುಟ್ಟುವುದಿಲ್ಲ. ಆಮ್ಲಜನಕ ಊದಿದರೆ ಗ್ಯಾಸ್ ಚೆನ್ನಾಗಿ ಬರುತ್ತದೆ, ಆದರೆ ಆಮ್ಲಜನಕ ಮಾಡುವ ಪ್ಲಾಂಟಿಗೇ ಕರೆಂಟು ಬೇಕು. ಅಲ್ಲೇ ಉರಿಸಿ ಕರೆಂಟ್ ಮಾಡಬೇಕು, ಇಲ್ಲ ಅಲ್ಲೇ ಮೆಥನಾಲ್, ಯೂರಿಯಾ ಮಾಡಬೇಕು.

ಸಿಮೆಂಟಿನ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ಕಿಲ್ನ್ ಅಂದರೆ ಸಿಮೆಂಟ್ ಸುಡುವ ಕುಲುಮೆಯ ಒಳಗೆ ಕಲ್ಲು ಸುಮಾರು 1450 ಡಿಗ್ರಿಗೆ ಕಾಯಬೇಕು. ಇಂಧನ ಬದಲಿಸಿದರೂ ಸಿಮೆಂಟ್ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣದ ಕಲ್ಲಿನಿಂದಲೇ ಬರುತ್ತದೆ. ಅದು ಯಾವ ಗ್ಯಾಸ್ ತಂದರೂ ನಿಲ್ಲುವುದಿಲ್ಲ.

ತೊಗರಿ ಹೊಲ

ಯೂರಿಯಾ ಅಂದಿರಲ್ಲ, ರಾಮಗುಂಡಂನಲ್ಲಿ ಕಲ್ಲಿದ್ದಲಿನಿಂದಲೇ ಮಾಡುವುದಲ್ವಾ? ನಮಗೆ ಅಲ್ಲಿಯ ಚೀಲವೂ ಬರುತ್ತದೆ. ಮುಂಗಾರಿನಲ್ಲಿ ಬೆಳಗಿನ ಜಾವ ಸೊಸೈಟಿ ಮುಂದೆ ಚಪ್ಪಲಿ ಇಟ್ಟು ಸಾಲು ಹಿಡಿಯುವುದು ನಮ್ಮ ಪಾಡು. ಕಲ್ಲಿದ್ದಲಿನಿಂದ ಯೂರಿಯಾ ಜಾಸ್ತಿ ಬರುತ್ತದೆ ಅಂದರೆ ಆಸೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ.

ಗೋದಾವರಿಖಣಿ ಅಳಿಯ

ಹಳೇ ರಾಮಗುಂಡಂ ಫ್ಯಾಕ್ಟರಿ ಕಲ್ಲಿದ್ದಲಿನದು. ಅದು 1999ರಲ್ಲೇ ಮುಚ್ಚಿತು. ಈಗ ನಡೆಯುತ್ತಿರುವುದು ಹೊಸದು, ನೈಸರ್ಗಿಕ ಅನಿಲದ್ದು. ಕಲ್ಲಿದ್ದಲಿನಿಂದ ಯೂರಿಯಾ ಮಾಡುವ ಹೊಸ ಫ್ಯಾಕ್ಟರಿ ಬರುತ್ತಿರುವುದು ಒಡಿಶಾದ ತಾಲ್ಚೇರಿನಲ್ಲಿ.

ಕೆಮಿಸ್ಟ್ರಿ ಟೀಚರ್

ತಾಲ್ಚೇರಿನದು ಬೇರೆ ಪದ್ಧತಿ, ಹುಡುಗ ಇದನ್ನು ಬೆರೆಸಿ ಬರೆಯಬಾರದು. ಅಲ್ಲಿ ಕಲ್ಲಿದ್ದಲನ್ನು ಗಣಿಯಿಂದ ಅಗೆದು ತಂದು, ಮೇಲೆ ಉಕ್ಕಿನ ಪಾತ್ರೆಯೊಳಗೆ ಗ್ಯಾಸ್ ಮಾಡುತ್ತಾರೆ. 2030ರೊಳಗೆ 10 ಕೋಟಿ ಟನ್ ಕಲ್ಲಿದ್ದಲು ಗ್ಯಾಸ್ ಮಾಡುವ ಸರ್ಕಾರದ ಗುರಿ, 2024ರ ಜನವರಿಯಲ್ಲಿ ಒಪ್ಪಿದ 8,500 ಕೋಟಿ ರೂಪಾಯಿ ನೆರವು, ಇವೆಲ್ಲ ಮುಖ್ಯವಾಗಿ ಆ ಪದ್ಧತಿಗೆ. ಅದರಲ್ಲಿ ಗಣಿ ಇದ್ದೇ ಇರುತ್ತದೆ, ಅಳಿಯಂದಿರ ಮಾವನಂಥವರು ಇಳಿಯಲೇಬೇಕು. ಆದರೆ ವಿಷ ಪಾತ್ರೆಯೊಳಗೇ ಇರುತ್ತದೆ, ವಾಲ್ವ್ ತಿರುಗಿಸಿ ನಿಲ್ಲಿಸಬಹುದು.

ನೆಲದೊಳಗಿನದನ್ನು ಗಣಿಗೆ ಬದಲಿ ಅನ್ನುವುದಕ್ಕಿಂತ, ಗಣಿ ತೋಡಲು ಆಗದಷ್ಟು ಆಳದ ಕಲ್ಲಿದ್ದಲಿಗೆ ಇರುವ ದಾರಿ ಅನ್ನಬೇಕು. ಹತ್ತಿರದ ಪದರದಲ್ಲಿ ಮಾಡಿದರೆ ನೀರಿಗೂ ಹತ್ತಿರ, ನೆಲ ಕುಸಿದರೆ ಮೇಲೂ ಕಾಣುತ್ತದೆ. ಕೆನಡಾದ ಸ್ವಾನ್ ಹಿಲ್ಸ್‌ನಲ್ಲಿ 1,400 ಮೀಟರ್ ಆಳದಲ್ಲಿ ಪ್ರಯೋಗ ಮಾಡಿದ್ದಾರೆ. ಕುಡಿಯುವ ನೀರಿಗಿಂತ ಅಷ್ಟು ಕೆಳಗೆ ಹೋದರೆ ಅಪಾಯ ಕಡಿಮೆ, ಖರ್ಚು ಜಾಸ್ತಿ.

ಗೋದಾವರಿಖಣಿ ಅಳಿಯ

ಟೀಚರ್ ಹೇಳಿದ್ದು ಒಪ್ಪುತ್ತೇನೆ. ಆಳದ ಪದರಕ್ಕೆ ಮನುಷ್ಯರನ್ನು ಕಳಿಸುವ ಬದಲು ಇದನ್ನು ಮಾಡಲಿ. ಆದರೆ ಕೆಲಸದ ಪ್ರಶ್ನೆ ಉಳಿಯುತ್ತದೆ. ಸಿಂಗರೇಣಿಯಲ್ಲಿ ಅಪ್ಪನ ಕೆಲಸ ಮಗನಿಗೆ ಸಿಗಬೇಕು ಅನ್ನುವುದೇ ದೊಡ್ಡ ಹೋರಾಟ. ಎರಡು ಬೋರು, ಒಂದು ಕಂಟ್ರೋಲ್ ರೂಮ್ ಇದ್ದರೆ ಎಷ್ಟು ಜನಕ್ಕೆ ಕೆಲಸ?

ನೌಬಾದ್

ಅಷ್ಟೆಲ್ಲ ಖರ್ಚು ಮಾಡುವ ಬದಲು ನಮ್ಮ ಬಿಸಿಲಿಗೆ ಸೋಲಾರ್ ಹಾಕಲಿ ಅನಿಸುತ್ತದೆ.

ಸೇಡಂ ಕಿಲ್ನ್

ಕರೆಂಟಿಗೆ ಸೋಲಾರ್ ಸರಿ. ಯೂರಿಯಾ, ಉಕ್ಕು, ಸಿಮೆಂಟಿಗೆ ಅಷ್ಟು ಸುಲಭ ಅಲ್ಲ. ಅದು ಬೇರೆಯೇ ಚರ್ಚೆ.

ವಾಡಿ ಜಂಕ್ಷನ್

ಎಲ್ಲರಿಗೂ ಥ್ಯಾಂಕ್ಸ್. ಹುಡುಗ ಪೂರ್ತಿ ಓದಿದ್ದಾನೆ. ಅವನ ಒಂದು ಪ್ರಶ್ನೆ. ಇಂಥ ಪ್ರಾಜೆಕ್ಟ್ ಬಂದ ಊರಿನವರು ಮೊದಲು ಏನು ಕೇಳಬೇಕು?

ಬಂಡೆ ಓದುವವ

ಬೆಂಕಿ ಹಚ್ಚುವ ಮೊದಲು ಕನಿಷ್ಠ ಒಂದು ವರ್ಷ, ಮಳೆಗಾಲ ಬೇಸಿಗೆ ಎರಡರಲ್ಲೂ, ಸುತ್ತಲಿನ ಬಾವಿ ಬೋರುಗಳ ನೀರು ಪರೀಕ್ಷೆ ಮಾಡಿ ಪಟ್ಟಿ ಪಂಚಾಯಿತಿಯಲ್ಲಿ ಇಡಬೇಕು. ತೊಗರಿ ಹೊಲದವರಿಗೆ ಆದದ್ದು ಆಗಬಾರದು ಅಂದರೆ ಇದೇ ದಾರಿ. ಗುಹೆಯ ಒತ್ತಡದ ಲೆಕ್ಕ ದಿನಾ ಬಹಿರಂಗ ಆಗಬೇಕು. ಶುದ್ಧೀಕರಣದ ಹಣ ಮೊದಲೇ ಬ್ಯಾಂಕಿನಲ್ಲಿ ಇರಬೇಕು. ಚಿಂಚಿಲಾದಲ್ಲಿ ದಂಡ ಬಿತ್ತು, ಕಟ್ಟುವವರು ಇರಲಿಲ್ಲ.

ಗೋಗಿ ಪಕ್ಕದವನು

ಪರೀಕ್ಷೆ ಮಾಡುವವರು ಕಂಪನಿಯವರು ಆಗಿರಬಾರದು. ಇದನ್ನು ಮೊದಲನೇ ಸಾಲಿಗೆ ಹಾಕಿ.

ತೊಗರಿ ಹೊಲ

ಬೆಂಜೀನ್ ನಮ್ಮ ಜಿಲ್ಲೆಯ ಸಾದಾ ನೀರಿನ ಲ್ಯಾಬಿನಲ್ಲಿ ಗೊತ್ತಾಗುತ್ತದಾ? ನಾವು ಕೊಟ್ಟಾಗ ಫ್ಲೋರೈಡ್, ನೈಟ್ರೇಟ್, ಗಡಸುತನ ಇಷ್ಟೇ ಬರೆದು ಕೊಟ್ಟಿದ್ದರು.

ಕೆಮಿಸ್ಟ್ರಿ ಟೀಚರ್

ಮಾಮೂಲಿ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ, ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಅಂದರೆ ಇಂಥ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ, ಇರುವ ಲ್ಯಾಬ್ ಬೇಕು. ನೀರು ಹಿಡಿಯುವುದರಲ್ಲೂ ಎಚ್ಚರ ಇರಲಿ. ಪ್ಲಾಸ್ಟಿಕ್ ಬಾಟಲಿ ಬೇಡ, ಗಾಜಿನದೇ ಆಗಬೇಕು. ಕಂಠದವರೆಗೆ ತುಂಬಿಸಿ, ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ಮುಚ್ಚಳ ಹಾಕಿ, ಐಸ್ ಡಬ್ಬಿಯಲ್ಲಿಟ್ಟು ಕಳಿಸಬೇಕು. ಗಾಳಿ ಉಳಿದರೆ ಬೆಂಜೀನ್ ಅದರೊಳಗೆ ಹೋಗಿಬಿಡುತ್ತದೆ. ಆಗ ಕೆಟ್ಟ ನೀರಿಗೂ ಒಳ್ಳೆಯದು ಅನ್ನುವ ರಿಪೋರ್ಟ್ ಬರಬಹುದು.